ಮೈಸೂರಿನ ಶಾಲಾ ಬ್ಯಾಂಡ್ ತರಬೇತಿ: ಕೈ ಪಳಗಿದೆ, ಮೈದಾನ ಪಳಗಿಲ್ಲ
ಸ್ನೇರ್ ಡ್ರಮ್ ಪಾಠಕ್ಕೆ ಪೂರ್ತಿ ಅಂಕ. ನಿಮಿಷಕ್ಕೆ 60 ತಾಳದ ಗತಿಯಲ್ಲಿ ಎರಡೂ ಕೋಲು ಒಂದೇ ಎತ್ತರಕ್ಕೆ ಏಳುವವರೆಗೆ ವೇಗ ಹೆಚ್ಚಿಸುವುದೇ ಇಲ್ಲ. ಎಡವುವುದು ಮೈದಾನದಲ್ಲಿ. ಕಷ್ಟದ ರೋಲ್ (ಎಡೆಬಿಡದ ವೇಗದ ಪೆಟ್ಟುಗಳ ಸರಣಿ) ಕೊಟ್ಟು ಮಕ್ಕಳನ್ನು 34 ಮೀಟರ್ ಹರಡಿಬಿಡುತ್ತಾರೆ. ಅಷ್ಟು ದೂರದ ಸದ್ದು ಕಿವಿಗೆ ಬೀಳಲು ಸುಮಾರು 0.1 ಸೆಕೆಂಡ್ ಬೇಕು. 120ರ ಗತಿಯಲ್ಲಿ ಅದು ಒಂದು ತಾಳದ ಐದನೇ ಒಂದು ಭಾಗ, ರೋಲ್ ಕದಡಲು ಅಷ್ಟು ಸಾಕು. ಹಿಂದಿನ ಸಾಲು ನಾಯಕನ ಕೈ ನೋಡಬೇಕು, ಮುಂದಿನವರು ಹಿಂದಿನ ಸದ್ದಿಗೆ ಕಿವಿಗೊಡಬೇಕು. ಅಮೆರಿಕದಲ್ಲಿ 1972ರಿಂದ ನಡೆದಿರುವ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್) ಮೆರವಣಿಗೆ ಬ್ಯಾಂಡ್ ಸ್ಪರ್ಧೆಯ ತಂಡಗಳಿಗೆ ಇದು ಮೊದಲ ಪಾಠ. ಪ್ರದರ್ಶನದ ನಡುವೆ ತಮಟೆಯ ಗತ್ತನ್ನು ಬಾಸ್ ಡ್ರಮ್‌ಗಳಿಗೆ ಹಂಚಿದ್ದಾರಲ್ಲ, ಅದು ನಿಜವಾದ ಹೊಸತನ. ಆದರೆ ನಾಲ್ಕೇ ಆವರ್ತ! ಅದನ್ನು ಬೆಳೆಸಿ, ರೋಲ್ ಕಡಿಮೆ ಮಾಡಲಿ.