ಶುಂಠಿಯ ಗಡ್ಡೆ ಕೊಳೆಗೆ ಮೂರು ಮದ್ದು: ನನ್ನ ಓಟು ಗೊಬ್ಬರದ ಗುಡ್ಡೆಗೆ

ಹುಣಸೂರು ಕಡೆ ಶುಂಠಿ ಬೆಳೆಯುವವರಿಗೆ ಗಡ್ಡೆ ಕೊಳೆ ರೋಗದ ಪರಿಚಯ ಹೇಳಬೇಕಿಲ್ಲ. ಎಲೆ ಹಳದಿಯಾಗಿ, ಎಳೆದರೆ ಕಾಂಡ ಬುಡದಿಂದಲೇ ಕಿತ್ತು ಬಂತೆಂದರೆ ಆ ಮಡಿಯ ಆಸೆ ಬಿಡಬೇಕು. ಮ್ಯಾಂಕೋಜೆಬ್ ಎಂಬ ರಾಸಾಯನಿಕ ಶಿಲೀಂಧ್ರನಾಶಕ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ದ್ರವ, ಅದರದೇ ಪುಡಿ, ಮೂರನ್ನೂ ಒಂದೇ ಹೊಲದಲ್ಲಿ ಹಾಕಿ ನೋಡಿದ್ದೇನೆ. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಪುಡಿಯೇ ನನಗೆ ಮೇಲು.

ಮ್ಯಾಂಕೋಜೆಬ್ ಸುಲಭ: ಲೀಟರಿಗೆ 3 ಗ್ರಾಂ ಕಲಸಿ, ಬಿತ್ತನೆ ಗಡ್ಡೆಯನ್ನು ಅರ್ಧ ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿದರಾಯಿತು. ಆದರೆ ಅದು ಗಡ್ಡೆಯ ಮೈಮೇಲಿನ ಕಾವಲು ಮಾತ್ರ. ಮುಂಗಾರು ಹಿಡಿದು ಮಡಿಯಲ್ಲಿ ನೀರು ನಿಂತ ಮೇಲೆ ಅದರ ಆಟ ನಡೆಯುವುದಿಲ್ಲ.

ದ್ರವರೂಪದ್ದು ಹನಿ ನೀರಾವರಿಗೆ ಹೇಳಿ ಮಾಡಿಸಿದ್ದು. ಬೆಲೆ ಮಾತ್ರ ನನ್ನ ಜೇಬಿಗೆ ಒಗ್ಗುವುದಿಲ್ಲ.

ಇನ್ನು ಪುಡಿ. ಒಂದು ಕಿಲೋ ಪುಡಿಯನ್ನು ನೂರು ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿಚೀಲ ಹೊದಿಸುತ್ತೇನೆ. ಆಗಾಗ ತಿರುವಿ ಹಾಕಿದರೆ ಎರಡು ವಾರದೊಳಗೆ ಸಿದ್ಧ. ಗೋಣಿ ಎತ್ತಿದರೆ ಮೊದಲು ಬಿಳಿ ನೂಲು, ಆಮೇಲೆ ಅದರ ಮೇಲೆಲ್ಲ ಪಾಚಿ ಬಣ್ಣದ ಹಸಿರು. ಕೆಲವು ಸಲ ತೆಂಗಿನಕಾಯಿಯ ವಾಸನೆಯೂ ಬರುತ್ತದೆ. ಟ್ರೈಕೋಡರ್ಮಾ ರೋಗ ತರುವ ಜೀವಿಯ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಗೋಡೆ ಕರಗಿಸಿ ತಿನ್ನುತ್ತದೆ. ಬೇರಿನ ಸುತ್ತ ಮೊದಲೇ ಜಾಗ ಹಿಡಿದಿದ್ದರೆ ಕೆಲಸ ಇನ್ನೂ ಸಲೀಸು.

ತಲೆನೋವು ಅಂಗಡಿಯಲ್ಲಿದೆ. ಒಂದು ವರ್ಷ ತಂದ ಪುಡಿಯ ಗುಡ್ಡೆ ಹಸಿರಾಗಲೇ ಇಲ್ಲ. ತೇವ ಸರಿಯಿತ್ತು, ಗೊಬ್ಬರವೂ ಅದೇ. ಮತ್ತೆ ಅಂಗಡಿಗೆ ಹೋದಾಗ ಗುಟ್ಟು ರಟ್ಟಾಯಿತು: ಪೊಟ್ಟಣಗಳ ರಾಶಿ ಬಾಗಿಲ ಬಳಿ, ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಿ ಕುಳಿತಿತ್ತು. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಶಿಲೀಂಧ್ರ ಕಣಗಳಿರಬೇಕೆಂಬುದು ನಿಯಮ. ಕಾದ ಪೊಟ್ಟಣದಲ್ಲಿ ಉಳಿಯುವುದು ಶಿಲೀಂಧ್ರ ಬೆರೆಸಲು ಬಳಸಿದ ಟಾಲ್ಕ್ ಎಂಬ ಕಲ್ಲಿನ ಪುಡಿ ಮಾತ್ರ. ಕೇಳಿದರೆ 'ಅವಧಿ ಇನ್ನೂ ಮುಗಿದಿಲ್ಲ ಸ್ವಾಮಿ' ಎಂಬ ಉತ್ತರ. ಅವಧಿ ಮುಗಿಯದಿದ್ದರೇನು, ಜೀವ ಮುಗಿದಿತ್ತಲ್ಲ! ಈಗ ತಯಾರಿಕೆಯ ತಾರೀಖು ನೋಡಿ, ಒಳಗಿನ ಕಪಾಟಿನದನ್ನೇ ಕೇಳಿ ತರುತ್ತೇನೆ. ಮೊದಲು ಒಂದು ಬುಟ್ಟಿ ಗೊಬ್ಬರಕ್ಕೆ ಬೆರೆಸಿ, ಅದು ಹಸಿರಾದರೆ ಮಾತ್ರ ದೊಡ್ಡ ಗುಡ್ಡೆಗೆ ಕೈ ಹಾಕುವುದು.

ಈ ಪುಡಿಯನ್ನು ಹನಿ ಕೊಳವೆಗೆ ಬಿಡಬೇಡಿ, ಟಾಲ್ಕ್ ರಂಧ್ರ ಕಟ್ಟುತ್ತದೆ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಜೊತೆಗಂತೂ ಬೇಡವೇ ಬೇಡ, ಅದು ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ.

ಎಲ್ಲವೂ ಗಡ್ಡೆ ಕೊಳೆಯೇ ಅಲ್ಲ: ಕಾಂಡ ಕತ್ತರಿಸಿ ನೀರಿನ ಲೋಟದಲ್ಲಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಈ ಮೂರಕ್ಕೂ ಬಗ್ಗುವುದಿಲ್ಲ.

ಮನೆಯಲ್ಲಿ ದನವಿದೆ, ಗೊಬ್ಬರ ಕೊಳ್ಳುವ ಪ್ರಮೇಯವಿಲ್ಲ, ಹೇಗೂ ಮಡಿಗೆ ಗೊಬ್ಬರ ಹಾಕಲೇಬೇಕು. ಹಾಗಾಗಿ ನನಗೆ ಪುಡಿಯೇ ಲಾಭ. ಗೊಬ್ಬರವನ್ನು ಲಾರಿಯಲ್ಲಿ ತರಿಸುವವರು, ಹನಿ ನೀರಾವರಿ ಇದ್ದರೆ, ದ್ರವವನ್ನೇ ಕೊಳ್ಳಲಿ.