ಘಾಟಿ, ಚಾರ್ಜರ್, ಅಡಾಸ್: ಎಲೆಕ್ಟ್ರಿಕ್ ಕಾರಿನಲ್ಲಿ ಬೆಂಗಳೂರು–ಪುತ್ತೂರು ಓಡಾಟ

ಕಾರು ಮನೆಗೆ ಬಂದು ಎರಡು ವರ್ಷ ದಾಟಿದೆ, ಮೀಟರ್ ನಲವತ್ತು ಸಾವಿರ ಕಿಲೋಮೀಟರ್ ಮೀರಿದೆ. ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನ ಆಫೀಸ್ ಓಡಾಟ. ಉಳಿದದ್ದು ಬಹುಪಾಲು ಊರಿಗೆ, ಅಂದರೆ ಪುತ್ತೂರಿಗೆ ಹೋಗಿ ಬಂದದ್ದು. ನಡುವೆ ಮೈಸೂರು, ಮಡಿಕೇರಿ. ನಗರದೊಳಗಿನ ಓಡಾಟದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ರೆಡಿ, ಪೆಟ್ರೋಲ್ ಬಂಕಿಗೆ ಹೋಗುವುದು ಟೈರಿಗೆ ಗಾಳಿ ಹಾಕಿಸಲು ಮಾತ್ರ. ಕಷ್ಟಸುಖ ಗೊತ್ತಾಗುವುದು ದೂರ ಹೊರಟಾಗಲೇ.

ಗಾಡಿಯ ಹೆಸರು ಬೇಕೆಂದೇ ಬರೆದಿಲ್ಲ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ದರ್ಜೆಯ ಯಾವ ಕಾರಿಗೂ ಹೊಂದುತ್ತವೆ. 45 ಯೂನಿಟ್ ವಿದ್ಯುತ್ ಹಿಡಿಯುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಲೆವೆಲ್ 2 ಅಡಾಸ್ (ಕ್ಯಾಮೆರಾ, ರೇಡಾರ್ ಬಳಸಿ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇರುವ ಮಧ್ಯಮ ಗಾತ್ರದ ಎಸ್‌ಯುವಿ ಅಂದುಕೊಳ್ಳಿ. ಎರಡು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಡ್ಯಾಶ್‌ಬೋರ್ಡ್ ಕಿಲೋಮೀಟರ್ ಹೇಳುತ್ತದೆ, ಫೋನಿನ ಆ್ಯಪ್ ಚಾರ್ಜರ್ ಹೇಳುತ್ತದೆ, ಅಡಾಸ್ ಲೇನ್ ಹೇಳುತ್ತದೆ. ಮೂರನ್ನೂ ನಂಬಬಹುದು, ಆದರೆ ಒಂದೊಂದನ್ನು ಒಂದೊಂದು ಅಳತೆಯಲ್ಲಿ.

ಮೊದಲು ರೇಂಜ್, ಅಂದರೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ. ಕಂಪನಿಯ ಕಾಗದದಲ್ಲಿರುವುದು ನಾನೂರೈವತ್ತು ಕಿಲೋಮೀಟರಿಗೂ ಮೇಲೆ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಹಾಕಿಕೊಂಡು ಹೈವೇಯಲ್ಲಿ 85–90ರಲ್ಲಿ ಹೋದರೆ ನನಗೆ ಸಿಗುವುದು ಮುನ್ನೂರರ ಆಸುಪಾಸು. ಇದರಲ್ಲಿ ಮೋಸವೇನೂ ಇಲ್ಲ. ಪರೀಕ್ಷೆ ನಡೆಯುವುದು ಕಡಿಮೆ ವೇಗದಲ್ಲಿ, ಹೈವೇಯಲ್ಲಿ ಬ್ಯಾಟರಿ ತಿನ್ನುವುದು ಗಾಳಿ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಾಗಾಗಿ ಚಾರ್ಜ್ ಸಾಲುವುದಿಲ್ಲ ಅನ್ನಿಸಿದಾಗ ಎ.ಸಿ. ಆರಿಸಿ ಬೆವರುವುದಕ್ಕಿಂತ ವೇಗ ಹತ್ತು ಇಳಿಸುವುದು ಎಷ್ಟೋ ಮೇಲು. ಇದನ್ನು ನಮ್ಮ ಮನೆಯವರಿಗೆ ಒಪ್ಪಿಸಲು ಸುಮಾರು ಸಮಯ ಹಿಡಿಯಿತು.

ಬೆಂಗಳೂರಿನಿಂದ ಪುತ್ತೂರಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಇಳಿದು ಉಪ್ಪಿನಂಗಡಿಯಲ್ಲಿ ಎಡಕ್ಕೆ. ರೇಂಜಿನ ಲೆಕ್ಕದಲ್ಲಿ ಇದು ಮಹಾ ಕಿರಿಕಿರಿಯ ದೂರ. ಒಂದೇ ಚಾರ್ಜಿನಲ್ಲಿ ಮುಟ್ಟಿದರೂ ಮುಟ್ಟಬಹುದು ಅನ್ನಿಸುವಷ್ಟು. ನಾನು ಆ ಸಾಹಸಕ್ಕೆ ಹೋಗುವುದಿಲ್ಲ. ಹಾಸನದ ಹತ್ತಿರ ತಿಂಡಿಗೆ ನಿಂತು ಅಲ್ಲೇ ಒಂದಿಷ್ಟು ಹಾಕಿಕೊಳ್ಳುತ್ತೇನೆ. ಕೈ ತೊಳೆದು, ದೋಸೆ ತಿಂದು, ಕಾಫಿ ಮುಗಿಸುವಷ್ಟರಲ್ಲಿ ನಲವತ್ತರಲ್ಲಿದ್ದದ್ದು ಎಂಬತ್ತರ ಹತ್ತಿರ ಬಂದಿರುತ್ತದೆ. ಎಂಬತ್ತು ದಾಟಿದ ಮೇಲೆ ಕಾಯಬಾರದು. ಅಲ್ಲಿಂದ ಚಾರ್ಜಿಂಗ್ ನಿಧಾನವಾಗುತ್ತ ಹೋಗುತ್ತದೆ, ಕೊನೆಯ ಹತ್ತು ಶೇಕಡಕ್ಕೆ ಮೊದಲ ನಲವತ್ತಕ್ಕೆ ಹಿಡಿದಷ್ಟು ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರೆ ಅದು ಮರ್ಯಾದೆಯೂ ಅಲ್ಲ.

ಶಿರಾಡಿ ಇಳಿಯುವಾಗ ಬ್ಯಾಟರಿ ಸಿಕ್ಕಾಪಟ್ಟೆ ತುಂಬುತ್ತದೆ ಅಂತ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸಕಲೇಶಪುರ ಇರುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ, ಘಾಟಿಯ ಬುಡ ಅಲ್ಲಿಂದ ಹೆಚ್ಚುಕಡಿಮೆ 800 ಮೀಟರ್ ಕೆಳಗೆ. ಜನ, ಸಾಮಾನು ಸೇರಿ 1,900 ಕಿಲೋ ತೂಗುವ ಗಾಡಿ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4 ಯೂನಿಟ್. ಅದರಲ್ಲಿ ದೊಡ್ಡ ಪಾಲು ದಾರಿ ಸಾಗುವುದಕ್ಕೇ ಬೇಕು, ಸ್ವಲ್ಪ ಸೋರಿಹೋಗುತ್ತದೆ. ಹಾಗಾಗಿ ಬುಡದಲ್ಲಿರುವ ಗುಂಡ್ಯ ಮುಟ್ಟುವಾಗ ನನ್ನ ಪರದೆಯಲ್ಲಿ ಎರಡೋ ಮೂರೋ ಶೇಕಡ ಏರಿರುತ್ತದೆ, ಅಷ್ಟೇ. ನಿಜವಾದ ಲಾಭ ಬೇರೆ: ಆ ಇಪ್ಪತ್ತೈದು–ಮೂವತ್ತು ಕಿಲೋಮೀಟರ್ ಪುಕ್ಕಟೆ, ಜೊತೆಗೆ ಬ್ರೇಕ್ ಪೆಡಲ್ ಮುಟ್ಟುವ ಕೆಲಸವೇ ಕಡಿಮೆ. ರೀಜೆನ್ (ನಿಧಾನಿಸುವಾಗ ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ವಿದ್ಯುತ್ ತುಂಬುವ ವ್ಯವಸ್ಥೆ) ಜಾಸ್ತಿ ಇಟ್ಟುಕೊಂಡರೆ ಕಾರು ತಾನೇ ಹಿಡಿದುಕೊಂಡು ಇಳಿಯುತ್ತದೆ. ಮುಂದಿನ ಟ್ಯಾಂಕರಿನ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿರುವಾಗ ನಮ್ಮ ಚಕ್ರಗಳು ತಣ್ಣಗಿರುತ್ತವೆ. ಒಂದು ಎಚ್ಚರ: ಘಾಟಿಯ ತಲೆಯಲ್ಲಿ ಬ್ಯಾಟರಿ ನೂರು ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇನ್ನಷ್ಟು ಸೇರುವುದಿಲ್ಲ, ರೀಜೆನ್ ಕೆಲಸ ಮಾಡುವುದಿಲ್ಲ.

ವಾಪಸ್ ಬರುವಾಗ ಅದೇ ಘಾಟಿ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಗುಂಡ್ಯದಿಂದ ಸಕಲೇಶಪುರ ಹತ್ತುವಷ್ಟರಲ್ಲಿ ಹದಿನೆಂಟು–ಇಪ್ಪತ್ತು ಶೇಕಡ ಖಾಲಿ. ಹತ್ತುತ್ತಿರುವಾಗ ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಇಳಿಯುವ ವೇಗ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಅದು ಈಗಿನ ಖರ್ಚನ್ನೇ ಮುಂದಕ್ಕೂ ಎಳೆದು ಲೆಕ್ಕ ಹಾಕುತ್ತಿರುತ್ತದೆ. ಅದಕ್ಕೇ ನಾನು ಕಿಲೋಮೀಟರ್ ನೋಡುವುದನ್ನು ಬಿಟ್ಟು ಶೇಕಡ ಮಾತ್ರ ನೋಡುತ್ತೇನೆ. ಮಳೆಗಾಲದ ಲೆಕ್ಕವಂತೂ ಬೇರೆಯೇ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ ಚಾರ್ಮಾಡಿ ಕಡೆಯಿಂದ ಸುತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮೂವತ್ತು ಶೇಕಡ ಕೈಯಲ್ಲಿಟ್ಟುಕೊಳ್ಳದೆ ಘಾಟಿಗೆ ಕಾಲಿಡುವುದಿಲ್ಲ.

ಇನ್ನು ಚಾರ್ಜರ್‌ಗಳು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, ಸಾರ್ವಜನಿಕ ಚಾರ್ಜರ್‌ಗಳ ಲೆಕ್ಕದಲ್ಲೂ ಮುಂದಿದ್ದೇವೆ. ನಕ್ಷೆ ತೆರೆದರೆ ಹಾಸನದ ದಾರಿಯುದ್ದಕ್ಕೂ ಹಸಿರು ಚುಕ್ಕೆಗಳು. ಹತ್ತಿರ ಹೋದ ಮೇಲೆಯೇ ಬಣ್ಣ ತಿಳಿಯುವುದು. ಒಂದು ಕಡೆ ಎರಡು ಗನ್ (ಕಾರಿಗೆ ಸಿಕ್ಕಿಸುವ ತಂತಿಯ ತುದಿ) ಇದ್ದು ಒಂದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿರುತ್ತಾರೆ. ಇನ್ನೊಂದು ಕಡೆ ಬೋರ್ಡಿನಲ್ಲಿ 60 ಕಿಲೋವ್ಯಾಟ್ ಅಂತಿರುತ್ತದೆ, ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದ ಕೂಡಲೇ ಹಂಚಿಹೋಗಿ ನಮಗೆ ಮೂವತ್ತು. ಮತ್ತೊಂದು ಕಡೆ ಎಲ್ಲ ಸರಿಯಿದೆ, ಆದರೆ ಚಾರ್ಜರ್ ಮುಂದೆಯೇ ಡೀಸೆಲ್ ಗಾಡಿ ನಿಲ್ಲಿಸಿ ಕುಟುಂಬ ಸಮೇತ ಊಟಕ್ಕೆ ಹೋಗಿರುತ್ತಾರೆ. ಆ್ಯಪ್‌ಗಳ ಹಾವಳಿ ಬೇರೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ವ್ಯಾಲೆಟ್, ಒಂದೊಂದು ವ್ಯಾಲೆಟ್‌ನಲ್ಲೂ ಬಳಸಲೂ ಆಗದ, ವಾಪಸ್ ಪಡೆಯಲೂ ಆಗದ ಚಿಲ್ಲರೆ ದುಡ್ಡು.

ನಾನು ಕಲಿತ ಉಪಾಯ ಒಂದೇ. ಆ್ಯಪ್‌ನಲ್ಲಿ ಆ ಚಾರ್ಜರ್ ಕೊನೆಯ ಬಾರಿ ಯಾವಾಗ ಬಳಕೆಯಾಗಿದೆ ಅಂತ ನೋಡುತ್ತೇನೆ. ಇವತ್ತೇ ಯಾರೋ ಚಾರ್ಜ್ ಮಾಡಿದ್ದರೆ ಧೈರ್ಯ. ವಾರವಿಡೀ ಯಾರೂ ಬಳಸದೆ ಹಸಿರಾಗಿಯೇ ಇದ್ದರೆ ಅದೇ ಅನುಮಾನ. ಜೊತೆಗೆ ಪಕ್ಕದ ಹೋಟೆಲಿಗೆ ಒಂದು ಫೋನ್. ಹೋಟೆಲಿನ ಕ್ಯಾಶಿಯರ್ ಹೇಳುವಷ್ಟು ನಿಖರವಾಗಿ ಯಾವ ಆ್ಯಪ್ ಕೂಡ ಹೇಳುವುದಿಲ್ಲ: ‘ಬೆಳಿಗ್ಗೆ ಕರೆಂಟ್ ಹೋಗಿತ್ತು ಸಾರ್, ಬಂದ ಮೇಲೆ ಅದು ಆನ್ ಆಗಿಲ್ಲ. ಇನ್ನೂ ಮುಂದೆ ಹೋಗಿ.’ ಇಂಥ ಕಡೆ ಎಷ್ಟೋ ಸಲ ಬೇಕಾಗಿರುವುದು ಯಂತ್ರವನ್ನು ಆಫ್ ಮಾಡಿ ಆನ್ ಮಾಡುವ ಒಬ್ಬ ಮನುಷ್ಯ ಮಾತ್ರ. ಲಕ್ಷಗಟ್ಟಲೆ ಸುರಿದು ಚಾರ್ಜರ್ ನೆಟ್ಟವರು ಆ ಒಬ್ಬನಿಗೆ ಸಂಬಳ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕಾವಲಿನ ಅಜ್ಜನಿಗೆ ಅದನ್ನು ಆಫ್ ಮಾಡಿ ಆನ್ ಮಾಡುವ ಗುಂಡಿ ಎಲ್ಲಿದೆ ಅಂತ ತೋರಿಸಿಕೊಟ್ಟಿದ್ದರೂ ಅರ್ಧ ಸಮಸ್ಯೆ ಇರುತ್ತಿರಲಿಲ್ಲ.

ಪುತ್ತೂರಿನ ಮನೆಯಲ್ಲಿ ಎದುರಾದ ತೊಡಕು ಬೇರೆ ಥರದ್ದು. ತೋಟದ ಮನೆ, 15 ಆಂಪ್ ಸಾಕೆಟ್ ಇದೆ, ರಾತ್ರಿಯಿಡೀ ಹಾಕಿದರೆ ಸಾಕು ಅಂದುಕೊಂಡು ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ. ಅದೇ ಸಾಕೆಟ್‌ನಲ್ಲಿ ಗ್ರೈಂಡರ್ ಓಡುತ್ತದೆ, ಇಸ್ತ್ರಿಪೆಟ್ಟಿಗೆ ಓಡುತ್ತದೆ. ‘ಎಂತ ಮಾರಾಯ, ನಿನ್ನ ಕಾರಿಗೆ ನಮ್ಮ ಕರೆಂಟ್ ಆಗುವುದಿಲ್ವಾ?’ ಅಂತ ಮಾವ ನಕ್ಕರು. ಮರುದಿನ ಬಂದ ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಅರ್ತಿಗೂ ಹಿಡಿದರು. ಬಲ್ಬು ಮಿಣುಕು ಹುಳದಷ್ಟೂ ಬೆಳಗಲಿಲ್ಲ. ಹಳೆಯ ಅರ್ತ್ ತಂತಿ ಮಣ್ಣಿನಲ್ಲಿ ತುಕ್ಕು ಹಿಡಿದು ತುಂಡಾಗಿತ್ತು, ಅರ್ತ್ ಇಲ್ಲದೆ ಕಾರಿನ ಚಾರ್ಜರ್ ಒಪ್ಪುತ್ತಿರಲಿಲ್ಲ. ಬಚ್ಚಲಿನ ಹಿಂದೆ, ಸದಾ ತಂಪಿರುವ ಜಾಗದಲ್ಲಿ ಹೊಂಡ ತೋಡಿ, ಇದ್ದಿಲು–ಉಪ್ಪು ಪದರಪದರವಾಗಿ ತುಂಬಿ ಹೊಸ ಪೈಪ್ ಇಳಿಸಿದರು. ಸಂಜೆ ಹಸಿರು ದೀಪ ಬಂತು. ಎಷ್ಟೋ ವರ್ಷದಿಂದ ಆ ಮನೆಯ ಫ್ರಿಜ್ಜು, ಗೀಸರ್ ಎಲ್ಲ ಅರ್ತ್ ಇಲ್ಲದೆ ನಡೆಯುತ್ತಿದ್ದದ್ದು ಪತ್ತೆಯಾದದ್ದು ಕಾರಿನಿಂದ! ನೆಂಟರ ಮನೆಯಲ್ಲಿ ಚಾರ್ಜ್ ಮಾಡುವ ಅಂದಾಜಿದ್ದರೆ ಮೊದಲೇ ಅರ್ತಿಂಗ್ ಕೇಳಿಕೊಳ್ಳಿ. ವೋಲ್ಟೇಜ್ ಕಡಿಮೆ ಇರುವ ಸಂಜೆ ಹೊತ್ತು ಬಿಟ್ಟು ರಾತ್ರಿ ಹತ್ತರ ಮೇಲೆ ಹಾಕಿ.

ಈಗ ಅಡಾಸ್. ಲೆವೆಲ್ 2 ಅಂದರೆ ಕಾರು ವೇಗವನ್ನೂ ಸ್ಟೀರಿಂಗನ್ನೂ ಸ್ವಲ್ಪ ಮಟ್ಟಿಗೆ ನೋಡಿಕೊಳ್ಳುತ್ತದೆ, ಜವಾಬ್ದಾರಿ ಪೂರ್ತಿ ನಮ್ಮದು. ಇದು ಚೆಂದ ಕಾಣುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಇಲ್ಲ, ವೇಗದ ಮಿತಿ 100, ಬಿಳಿ ಗೆರೆ ಸ್ಪಷ್ಟ. ಅಡಾಪ್ಟಿವ್ ಕ್ರೂಸ್ 90ಕ್ಕೆ ಇಟ್ಟು ಸ್ಟೀರಿಂಗ್ ಮೇಲೆ ಹಗುರವಾಗಿ ಕೈಯಿಟ್ಟರೆ ಮುಂದಿನ ಗಾಡಿ ನಿಧಾನಿಸಿದಾಗ ನಿಧಾನಿಸಿ, ಹೊರಟಾಗ ಹೊರಟು, ಕಾಲಿಗೆ ಕೆಲಸವೇ ಇರುವುದಿಲ್ಲ. ಮೈಸೂರಿನಲ್ಲಿ ಇಳಿದಾಗ ಮೈಕೈ ನೋವಿಲ್ಲ. ಹೆಚ್ಚು ದುಡ್ಡು ಕೊಟ್ಟು ಮೇಲಿನ ವೇರಿಯಂಟ್ ಕೊಂಡದ್ದಕ್ಕೆ ಸಾರ್ಥಕ ಅನ್ನಿಸುವುದು ಅಲ್ಲಿ.

ಹಾಸನ ರಸ್ತೆಯಲ್ಲಿ ಮಾತು ಬೇರೆ. ಮುಂದಿನ ಗಾಡಿಗೂ ನಮಗೂ ಕ್ರೂಸ್ ಬಿಡುವ ಅಂತರವನ್ನು ಎಷ್ಟು ಕಡಿಮೆ ಮಾಡಿದರೂ ಅಲ್ಲೊಂದು ಬೈಕು ತೂರುತ್ತದೆ. ಕಾರು ಬ್ರೇಕ್ ಹಾಕುತ್ತದೆ, ಮತ್ತೆ ಅಂತರ ಬಿಡುತ್ತದೆ, ಈಗ ಟೆಂಪೋ ನುಗ್ಗುತ್ತದೆ. ಹಿಂದಿನ ಸೀಟಿನಿಂದ ಅಮ್ಮ, ‘ನಿನಗೆ ಮೆಲ್ಲ ಬ್ರೇಕ್ ಹಾಕಲಿಕ್ಕೆ ಬರುವುದಿಲ್ವಾ?’ ಅಂದರು. ನಾನಲ್ಲಮ್ಮ, ಕಾರು ಹಾಕಿದ್ದು ಅಂದೆ. ‘ಕಾರಿಗೆ ಲೈಸೆನ್ಸ್ ಉಂಟಾ?’

ನಿಜವಾಗಿ ಹೆದರಬೇಕಾದದ್ದು ಎರಡಕ್ಕೆ. ಒಂದು, ಹಂಪು. ಅಡಾಸ್‌ಗೆ ಹಂಪು ಕಾಣುವುದಿಲ್ಲ. ಮುಂದಿನ ಕಾರು ಹಂಪಿಗೆ ನಿಧಾನಿಸಿದಾಗ ನಮ್ಮದೂ ನಿಧಾನಿಸುತ್ತದೆ. ಅದು ಹಂಪು ದಾಟಿ ವೇಗ ಹೆಚ್ಚಿಸಿದ ಕ್ಷಣ ನಮ್ಮದೂ ಹೊರಡುತ್ತದೆ, ನಮ್ಮ ಚಕ್ರ ಹಂಪಿನ ಮೇಲೆ ಏರುವ ಹೊತ್ತಿಗೇ ಸರಿಯಾಗಿ. ಎರಡನೆಯದು, ನಿಂತ ಲಾರಿ. ಮುಂದಿನ ಕಾರು ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು, ಅದರಾಚೆ ಕೆಟ್ಟು ನಿಂತ ಲಾರಿ ಇದ್ದರೆ ನಮ್ಮ ಕಾರಿಗೆ ದಾರಿ ಖಾಲಿ ಅನ್ನಿಸಿ ವೇಗ ಹೆಚ್ಚಿಸಲು ನೋಡಬಹುದು. ಇಂಥ ವ್ಯವಸ್ಥೆಗಳಲ್ಲಿ ರೇಡಾರ್ ಹೆಚ್ಚಿನ ವೇಗದಲ್ಲಿ ಅಲುಗದ ವಸ್ತುಗಳನ್ನು ಬಹುಪಾಲು ಕಡೆಗಣಿಸುತ್ತದೆ. ಇಲ್ಲದಿದ್ದರೆ ಪ್ರತಿ ಬೋರ್ಡಿಗೂ ಸೇತುವೆಗೂ ಬ್ರೇಕ್ ಬೀಳುತ್ತಿತ್ತು. ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಹೊತ್ತು ಹಿಂದಿನ ದೀಪವಿಲ್ಲದೆ, ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟು ನಿಲ್ಲಿಸಿದ ಲಾರಿಗಳಿಗೇನು ಬರವಿಲ್ಲ. ಆದ್ದರಿಂದ ರಾತ್ರಿ ನಾನು ಕ್ರೂಸ್ ಹಾಕುವುದೇ ಇಲ್ಲ.

ಕಾರನ್ನು ಗೆರೆಗಳ ನಡುವೆ ಹಿಡಿದಿಡುವ ಲೇನ್ ಕೀಪ್ ಅನ್ನು ಹಾಸನ ದಾಟಿದ ಮೇಲೆ ಆರಿಸಿಬಿಡುತ್ತೇನೆ. ರಸ್ತೆ ಅಗಲ ಮಾಡುವ ಕಾಮಗಾರಿ ನಡೆದ ಕಡೆ ಹಳೆಯ ಗೆರೆ ಅರ್ಧ ಅಳಿಸಿ, ಹೊಸ ದಾರಿ ಬೇರೆಡೆ ತಿರುಗಿರುತ್ತದೆ. ಕ್ಯಾಮೆರಾ ಹಳೆಯ ಗೆರೆಯನ್ನೇ ಹಿಡಿದು ಸ್ಟೀರಿಂಗ್ ಎಳೆಯುತ್ತದೆ. ಇಂಡಿಕೇಟರ್ ಹಾಕದೆ ಗುಂಡಿ ತಪ್ಪಿಸಲು ಹೋದರೆ ವಾಪಸ್ ಗುಂಡಿಯ ಕಡೆಗೇ ತಳ್ಳಲು ನೋಡುತ್ತದೆ. ಶಿರಾಡಿಯ ಮಳೆ, ಮಂಜಿನಲ್ಲಿ ‘ಕ್ಯಾಮೆರಾ ಮುಚ್ಚಿದೆ’ ಅಂತ ತಾನೇ ಕೈಯೆತ್ತುತ್ತದೆ. ಅದು ಒಳ್ಳೆಯದೇ, ಪ್ರಾಮಾಣಿಕತೆ ಮೆಚ್ಚಬೇಕು.

ಯಾರೂ ಜಾಹೀರಾತಿನಲ್ಲಿ ದೊಡ್ಡದಾಗಿ ಹೇಳದ ಒಂದು ಸೌಲಭ್ಯ ನನಗೆ ಎಲ್ಲಕ್ಕಿಂತ ಇಷ್ಟ: ರಿವರ್ಸ್ ತೆಗೆಯುವಾಗ ಪಕ್ಕದಿಂದ ಬರುವ ಗಾಡಿಯ ಎಚ್ಚರಿಕೆ. ಹೋಟೆಲ್ ಮುಂದೆ ಎರಡು ದೊಡ್ಡ ಗಾಡಿಗಳ ನಡುವಿನಿಂದ ಹಿಂದಕ್ಕೆ ತೆಗೆಯುವಾಗ ನನಗೆ ಕಾಣದ ಸ್ಕೂಟರ್ ಅದಕ್ಕೆ ಕಾಣುತ್ತದೆ. ಕನ್ನಡಿಗೆ ಕಾಣದ ಗಾಡಿಯ ಸುಳಿವು ಕೊಡುವ ಬ್ಲೈಂಡ್ ಸ್ಪಾಟ್ ದೀಪವೂ ಹಾಗೆಯೇ, ನಂಬಿಕಸ್ಥ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಮನೆಯಲ್ಲಿ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಶೇ 18 ಜಿಎಸ್‌ಟಿ ಸೇರಿ ನಾಲ್ಕು ರೂಪಾಯಿ ಮುಟ್ಟುತ್ತದೆ. ಹಾಗಾಗಿ ಮನೆಯಲ್ಲಿ ಪಾರ್ಕಿಂಗ್ ಮತ್ತು ಸಾಕೆಟ್ ಎರಡೂ ಇಲ್ಲದವರು ಉಳಿತಾಯದ ಆಸೆಗೆ ಎಲೆಕ್ಟ್ರಿಕ್ ಕೊಳ್ಳಬೇಡಿ. ಅಪಾರ್ಟ್‌ಮೆಂಟ್ ಆದರೆ ಮೊದಲು ಅಸೋಸಿಯೇಷನ್ ಒಪ್ಪಿಗೆ, ಆಮೇಲೆ ಬುಕಿಂಗ್.

ಕೆಟ್ಟದ್ದು ಒಂದೇ ಸಲ, ಅದೂ ದೊಡ್ಡ ಬ್ಯಾಟರಿಯಲ್ಲ. ಎಲ್ಲ ಕಾರಿನಲ್ಲಿರುವಂಥ 12 ವೋಲ್ಟಿನ ಸಣ್ಣ ಬ್ಯಾಟರಿ ಕೈಕೊಟ್ಟು ಬಾಗಿಲೂ ತೆರೆಯದೆ ನಿಂತಿತು. ಪಕ್ಕದ ಮನೆಯ ಜೀಪಿನಿಂದ ತಂತಿ ಕೊಟ್ಟು ಎಬ್ಬಿಸಿದೆವು. ದೂರ ಹೊರಡುವ ಮುಂಚೆ ಸರ್ವಿಸ್‌ನಲ್ಲಿ ಅದನ್ನು ಪರೀಕ್ಷಿಸಲು ಹೇಳಿ, ಹೇಳದಿದ್ದರೆ ನೋಡುವುದಿಲ್ಲ. ಅಡಾಸ್ ಇರುವ ಕಾರು ಕೊಳ್ಳುವವರಿಗೆ ಇನ್ನೊಂದು: ಕ್ಯಾಮೆರಾ ಕೂತಿರುವುದು ಮುಂದಿನ ಗಾಜಿನ ಹಿಂದೆ. ಟಿಪ್ಪರಿನ ಜಲ್ಲಿ ಹಾರಿ ಗಾಜು ಬಿರುಕುಬಿಟ್ಟರೆ ಗಾಜು ಬದಲಿಸಿದರಷ್ಟೇ ಸಾಲದು, ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಅದರ ಉಪಕರಣ ಎಲ್ಲ ಊರಿನ ವರ್ಕ್‌ಶಾಪಿನಲ್ಲಿ ಇರುವುದಿಲ್ಲ. ಇನ್ಶೂರೆನ್ಸ್ ತೆಗೆದುಕೊಳ್ಳುವಾಗಲೇ ಗಾಜು ಮತ್ತು ಈ ಹೊಂದಾಣಿಕೆ ಎರಡೂ ಸೇರಿವೆಯೇ ಅಂತ ಬರಹದಲ್ಲಿ ಕೇಳಿ ಪಡೆಯಿರಿ.