ಹಿಮಕಾಯಗಳ ಕಕ್ಷೆಯನ್ನು ಓದಲು ಜೆಪಿಎಲ್‌ನ ಸ್ಮಾಲ್-ಬಾಡಿ ಡೇಟಾಬೇಸ್

ನೆಪ್ಚೂನ್‌ನಿಂದಾಚೆಗಿನ ಹಿಮಕಾಯಗಳು ತಮ್ಮ ಇಂದಿನ ಕಕ್ಷೆಗಳಿಗೆ ಬಂದದ್ದು ಹೇಗೆಂದು ತಿಳಿಯಬಯಸುವವರು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ (ಜೆಪಿಎಲ್) ನಡೆಸುವ ಸ್ಮಾಲ್-ಬಾಡಿ ಡೇಟಾಬೇಸ್ ಎಂಬ ಈ ಉಚಿತ ಜಾಲಸೇವೆಯಿಂದಲೇ ಆರಂಭಿಸುವುದು ಒಳ್ಳೆಯದು. ಕಾಯದ ಹೆಸರನ್ನು ಬರೆದರೆ ಸಾಕು, ಕಕ್ಷೆಯ ಅಂಕಿಗಳ ಪಟ್ಟಿಯೂ ಬೇಕಾದತ್ತ ಹೊರಳಿಸಿ ನೋಡಬಹುದಾದ ಚಿತ್ರವೂ ಸಿಗುತ್ತವೆ.

ನಾನು ಮೊದಲು ತೆರೆದದ್ದು 1992ರಲ್ಲಿ ಪತ್ತೆಯಾದ ಆಲ್ಬಿಯನ್ ಎಂಬ ಹಿಮಕಾಯದ ಪುಟವನ್ನು. ಸೂರ್ಯನಿಂದ ಸರಾಸರಿ ಸುಮಾರು 44 ಖಗೋಳಮಾನ ದೂರ (ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರವೇ ಒಂದು ಖಗೋಳಮಾನ), ಹೆಚ್ಚುಕಡಿಮೆ ದುಂಡನೆಯ ಕಕ್ಷೆ, ಭೂಮಿಯ ಕಕ್ಷೆಯ ಸಮತಲಕ್ಕೆ ಕೇವಲ 2 ಡಿಗ್ರಿಯಷ್ಟು ಓರೆ: ಹುಟ್ಟಿದ ನೆಲೆಯಿಂದ ಹೆಚ್ಚು ಕದಲದ ಕಾಯದ ಲಕ್ಷಣಗಳಿವು. ಪ್ಲೂಟೊದ ಪುಟದಲ್ಲಾದರೋ ಉತ್ಕೇಂದ್ರತೆ (ಕಕ್ಷೆ ಎಷ್ಟು ನೀಳವೆಂಬ ಅಳತೆ; ಪೂರ್ತಿ ದುಂಡಗಿದ್ದರೆ 0) 0.25, ಓರೆ 17 ಡಿಗ್ರಿ. ಮೇಲಿನಿಂದ ನೋಡುವಾಗ ನೆಪ್ಚೂನ್‌ನ ಕಕ್ಷೆಯನ್ನು ಕತ್ತರಿಸಿದಂತೆ ಕಾಣುವ ಗೆರೆ, ಚಿತ್ರವನ್ನು ಪಕ್ಕಕ್ಕೆ ಹೊರಳಿಸಿದೊಡನೆ, ಅದಕ್ಕಿಂತ ಬಹಳ ಎತ್ತರದಲ್ಲಿ ಹಾದುಹೋಗುವುದು ಸ್ಪಷ್ಟವಾಗುತ್ತದೆ. ಪುಸ್ತಕದ ಚಪ್ಪಟೆ ಚಿತ್ರಗಳಲ್ಲಿ ಇದು ನನಗೆಂದೂ ಹೀಗೆ ಮನದಟ್ಟಾಗಿರಲಿಲ್ಲ. ನೆಪ್ಚೂನ್ ಮೂರು ಸುತ್ತು ಮುಗಿಸುವಷ್ಟರಲ್ಲಿ ಪ್ಲೂಟೊ ಎರಡು ಸುತ್ತು ಮುಗಿಸುತ್ತದೆ. ಚಿಕ್ಕ ಕಾಯಗಳನ್ನು ಚದುರಿಸುತ್ತ ಹೊರಕ್ಕೆ ಸರಿದ ನೆಪ್ಚೂನ್, ದಾರಿಯಲ್ಲಿ ಪ್ಲೂಟೊವನ್ನು ಸುತ್ತುಗಳ ಈ ಹೊಂದಾಣಿಕೆಯಲ್ಲಿ, ಅಂದರೆ ಅನುರಣನದಲ್ಲಿ, ಹಿಡಿದು ತನ್ನ ಮುಂದೆ ತಳ್ಳಿಕೊಂಡು ಹೋಯಿತು, ತಳ್ಳಿದಂತೆಲ್ಲ ಅದರ ಕಕ್ಷೆ ಹೆಚ್ಚು ಹೆಚ್ಚು ನೀಳವಾಯಿತು ಎಂದು 1993ರಲ್ಲಿ ಗ್ರಹವಿಜ್ಞಾನಿ ರೇಣು ಮಲ್ಹೋತ್ರಾ ವಿವರಿಸಿದರು. ಆ 0.25 ಎಂಬ ಅಂಕಿ ಅಂದಿನ ಪಯಣದ ಗುರುತು.

ಈ ಇತಿಹಾಸವನ್ನು ಸೇವೆ ತಾನಾಗಿ ಹೇಳುವುದಿಲ್ಲ. ಚಿತ್ರವು ಸೂರ್ಯ ಮತ್ತು ಆ ಕಾಯ, ಇವೆರಡನ್ನೇ ಲೆಕ್ಕಕ್ಕೆ ಹಿಡಿದು ಬರೆದದ್ದಾದ್ದರಿಂದ, ದಿನಾಂಕವನ್ನು ಎಷ್ಟು ಹಿಂದಕ್ಕೆ ಒಯ್ದರೂ ಗ್ರಹಗಳ ಸೆಳೆತ ಅದರಲ್ಲಿ ಕಾಣದು. ಅಂಕಿಗಳನ್ನು ಹೋಲಿಸಿ ಓದುವ ಕೆಲಸ ನಮ್ಮದೇ.

ಹಾಗೆ ಓದುವಾಗ ತಡೆದು ನಿಲ್ಲಿಸುವುದು 2003ರಲ್ಲಿ ಕಂಡ ಸೆಡ್ನಾ. ಅದು ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ 76 ಖಗೋಳಮಾನ ದೂರದಲ್ಲಿರುತ್ತದೆ; 30ರಲ್ಲಿರುವ ನೆಪ್ಚೂನ್‌ನ ಕೈ ಅಲ್ಲಿಗೆ ಎಟುಕದು. ಸೂರ್ಯ ಹುಟ್ಟಿದ ನಕ್ಷತ್ರಗುಚ್ಛದಲ್ಲಿ ಸಮೀಪ ಹಾದ ಯಾವುದೋ ನಕ್ಷತ್ರ ಅದನ್ನು ಎಳೆದಿರಬಹುದೆಂಬುದು ಒಂದು ವಾದ. ಇನ್ನೂ ಪತ್ತೆಯಾಗದ ಗ್ರಹವೊಂದರ ಪ್ರಭಾವವೆಂಬುದು 2016ರಲ್ಲಿ ಖಗೋಳವಿಜ್ಞಾನಿಗಳಾದ ಬ್ಯಾಟಿಗಿನ್ ಮತ್ತು ಬ್ರೌನ್ ಮುಂದಿಟ್ಟ ವಾದ. ನಕ್ಷತ್ರದ ವಾದವೇ ನನಗೆ ಹೆಚ್ಚು ಸಹಜವೆನಿಸುತ್ತದೆ.

ಸೆಡ್ನಾದ ಪುಟವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಅಲ್ಲಿನ ಅಂಕಿಗಳು ಸೂರ್ಯನನ್ನು ಕೇಂದ್ರವಾಗಿಟ್ಟುಕೊಂಡವು. ಗುರುವಿನ ಸೆಳೆತಕ್ಕೆ ಸೂರ್ಯನೇ ಅತ್ತಿತ್ತ ಓಲಾಡುವುದರಿಂದ, ಸುಮಾರು 11,000 ವರ್ಷಗಳ ಪರಿಭ್ರಮಣ ಕಾಲವು ಆರಿಸಿದ ದಿನಾಂಕಕ್ಕೆ ತಕ್ಕಂತೆ ಸಾವಿರ ವರ್ಷಕ್ಕೂ ಹೆಚ್ಚು ಏರುಪೇರಾಗಬಹುದು. ಇಷ್ಟು ದೂರದ ಕಾಯಗಳಿಗೆ ಅದೇ ಸಂಸ್ಥೆಯ ಹೊರೈಜನ್ಸ್ ಸೇವೆಯಲ್ಲಿ ಸೌರವ್ಯೂಹದ ದ್ರವ್ಯರಾಶಿ ಕೇಂದ್ರವನ್ನು ಆಧಾರವಾಗಿ ಆರಿಸಿಕೊಂಡು ಅಂಕಿಗಳನ್ನು ಪಡೆಯುವುದು ಲೇಸು.